‘ತೆಳು’ ಅಂತ ಬರೆದವನು

ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಇಪ್ಪತ್ತೇಳು ವರ್ಷ ನಿಂತರೆ ಮನುಷ್ಯನ ಕಾಲು ಕೊರಡಾಗುತ್ತದೆ, ಬಾಯಿ ಬೆಂಕಿಯಾಗುತ್ತದೆ. ಅವನಿಗೆ ಎರಡೂ ಆಗಿತ್ತು. ಬೀದಿಯವರು ಅವನನ್ನು ಸಿಡುಕಪ್ಪ ಅನ್ನುತ್ತಿದ್ದರು. ಎದುರಿಗೆ ಮಾತ್ರ ‘ಅಣ್ಣಾ, ಸ್ವಲ್ಪ ನೋಡಣ್ಣಾ’. ಬೆನ್ನ ಹಿಂದೆ ಏನಂತಾರೆ ಅನ್ನುವುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ಸಿಟ್ಟು ಮಾಡಿಕೊಂಡರೆ ಹೆಸರು ಇನ್ನೂ ಗಟ್ಟಿಯಾಗುತ್ತದಲ್ಲ.

ಓದಿದ್ದು ಏಳನೇ ಕ್ಲಾಸು. ಇಂಗ್ಲಿಷನ್ನು ಓದುತ್ತಿದ್ದುದು ಔಷಧದ ಡಬ್ಬಿಗಳ ಮೇಲೆ ಮಾತ್ರ. ಆದರೆ ಡಾಕ್ಟರುಗಳ ಗೀಚನ್ನು ಅವನು ಓದಿದಷ್ಟು ಚೆನ್ನಾಗಿ ಇನ್ನೊಬ್ಬರು ಓದುತ್ತಿರಲಿಲ್ಲ. ಕಾಗೆ ಕಾಲಿನಂಥ ಅಕ್ಷರವಾದರೂ ಸರಿ, ಚೀಟಿಯನ್ನು ಒಂದು ಸಲ ಕಣ್ಣ ಮುಂದೆ ಹಿಡಿದು, ತಿರುಗಿ, ಮೂರನೇ ಕಪಾಟಿನ ಐದನೇ ಗೂಡಿಗೆ ನೇರ ಕೈ ಹಾಕುತ್ತಿದ್ದ. ಅಂಗಡಿ ಯಜಮಾನರ ಸೊಸೆ ಫಾರ್ಮಸಿ ಓದಿದವರು, ಒಳಗಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಕೆಲವು ಚೀಟಿ ಹಿಡಿದುಕೊಂಡು ಅವರೇ ಹೊರಗೆ ಬಂದು, “ಅಣ್ಣ, ಇದೇನು ಬರೆದಿದ್ದಾರೆ?” ಅಂತ ಕೇಳಿದ್ದೂ ಉಂಟು. ಅಂಥ ದಿನ ಅವನ ಸಿಡುಕು ಮಧ್ಯಾಹ್ನದವರೆಗೆ ಕಾಣುತ್ತಿರಲಿಲ್ಲ.

ಅವನಿಗೆ ಇದ್ದ ಇನ್ನೊಂದು ಹೆಮ್ಮೆ ಅಂಗಿ ಜೇಬಿನ ಕಪ್ಪು ಮಾರ್ಕರು.

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಕಂಪನಿಯವರು ಇಂಗ್ಲಿಷಿನಲ್ಲಿ ಇರುವೆ ಸಾಲು ಬಿಟ್ಟ ಹಾಗೆ ಏನೋ ಅಚ್ಚು ಹಾಕಿರುತ್ತಾರೆ. ಕನ್ನಡಕ ಇದ್ದವರಿಗೇ ಕಾಣುವುದಿಲ್ಲ, ಇನ್ನು ಓದು ಬಾರದ ಮುದುಕರಿಗೆ ಏನು ತಿಳಿಯಬೇಕು? ಅದಕ್ಕೇ ಅವನು ಪ್ರತಿ ಸ್ಟ್ರಿಪ್ಪಿನ ಬೆನ್ನಿಗೆ ದಪ್ಪಗೆ ಒಂದು ಪದ ಬರೆದು ಕೊಡುತ್ತಿದ್ದ. ‘ಸಕ್ಕರೆ’. ‘ಬಿ.ಪಿ.’ ‘ಹೊಟ್ಟೆ’. ‘ಉಸಿರು’. ‘ನಿದ್ದೆ’. ಕೆಳಗೆ ಚುಕ್ಕಿ: ಒಂದು ಚುಕ್ಕಿ ಇದ್ದರೆ ದಿನಕ್ಕೆ ಒಂದು, ಎರಡು ಇದ್ದರೆ ಎರಡು. ಎರಡು ಬಡಾವಣೆ ದಾಟಿ ಜನ ಅವನ ಅಂಗಡಿಗೆ ಬರುತ್ತಿದ್ದುದು ಈ ಮಾರ್ಕರಿಗಾಗಿ. ಹೃದಯದ ರೋಗಿಗಳಿಗೆ, ಪಾರ್ಶ್ವವಾಯು ಹೊಡೆದವರಿಗೆ, ಕಾಲಿನ ನರದಲ್ಲಿ ರಕ್ತ ಗಟ್ಟಿಯಾದವರಿಗೆ ಡಾಕ್ಟರುಗಳು ‘ರಕ್ತ ತೆಳು ಮಾಡೋ ಮಾತ್ರೆ, ಬಿಡಬೇಡಿ’ ಅಂತ ಹೇಳಿ ಕಳಿಸುತ್ತಿದ್ದರು. ಅವರು ಬಂದು ಅದನ್ನೇ ಇವನಿಗೆ ಹೇಳುತ್ತಿದ್ದರು. ಇವನೂ ಅದನ್ನೇ ಬರೆಯುತ್ತಿದ್ದ. ಅಷ್ಟುದ್ದ ಬರೆಯಲು ಸ್ಟ್ರಿಪ್ಪಿನಲ್ಲಿ ಜಾಗವೆಲ್ಲಿ? ‘ತೆಳು’. ಮುಗಿಯಿತು. ಆಸ್ಪಿರಿನ್ ಆದರೂ ತೆಳು, ವಾರ್ಫರಿನ್ ಆದರೂ ತೆಳು, ಈಚೆಗೆ ಬಂದ ಹೊಸ ಮಾತ್ರೆಗಳಾದರೂ ತೆಳು.

ಅವನ ಅಕ್ಕನ ಸ್ಟ್ರಿಪ್ಪಿನ ಮೇಲೂ ಅದೇ ಇರುತ್ತಿತ್ತು.

ಅಕ್ಕ ಅಂದರೆ ಅವನಿಗೆ ತಾಯಿಯೂ ಅವಳೇ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಇನ್ನೊಬ್ಬರ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿಯೇ ಅವನನ್ನು ಏಳನೇ ಕ್ಲಾಸಿನವರೆಗೆ ತಳ್ಳಿದವಳು. ತಾನು ಮಾತ್ರ ಅಕ್ಷರ ಕೂಡಿಸಿ ದೊಡ್ಡ ಬೋರ್ಡು ಓದುವಷ್ಟಕ್ಕೇ ನಿಂತಳು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಎದೆಯ ಕವಾಟವನ್ನು ತಿಂದುಹಾಕಿತ್ತಂತೆ. ಅದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಎದೆ ಸೀಳಿ, ಹಳೇ ಕವಾಟ ತೆಗೆದು, ಲೋಹದ್ದು ಕೂರಿಸಿದರು.

ಆವತ್ತಿನಿಂದ ಅಕ್ಕ ಸದ್ದು ಮಾಡತೊಡಗಿದಳು. ಟಿಕ್, ಟಿಕ್, ಟಿಕ್. ಕೋಣೆ ಸುಮ್ಮನಿದ್ದರೆ ಬಾಗಿಲ ಬಳಿ ನಿಂತವರಿಗೂ ಕೇಳುತ್ತಿತ್ತು. ಬಾಯಿ ತೆರೆದರೆ ಇನ್ನೂ ಜೋರು. ಬಾವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಮೂವತ್ತು ವರ್ಷ ಕಿವಿ ಪಕ್ಕ ಸೀಟಿ ಊದಿಕೊಂಡು ಕಿವಿ ಮಂದವಾಗಿತ್ತು, ಆದರೆ ತಮಾಷೆ ಮಂದವಾಗಿರಲಿಲ್ಲ. “ನನ್ನ ಹೆಂಡತಿ ಸುಳ್ಳು ಹೇಳೋ ಹಾಗೇ ಇಲ್ಲಪ್ಪ. ಹೇಳಿದ್ರೆ ಮೀಟರ್ ಜೋರಾಗಿ ಓಡತ್ತೆ,” ಅನ್ನುತ್ತಿದ್ದ. ಅಕ್ಕ, “ನಿಮಗೆ ಕೇಳಿಸಿದ್ರೆ ತಾನೇ?” ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಬಾವನ ಹೃದಯದ ನಾಳಕ್ಕೂ ಸ್ಟೆಂಟ್ ಬಿತ್ತು. ಅವನಿಗೆ ಆಸ್ಪಿರಿನ್ ಬಂತು. ಒಂದೇ ಮನೆಯಲ್ಲಿ, ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ, ಒಂದೇ ಕೈಬರಹದಲ್ಲಿ ಎರಡು ‘ತೆಳು’ ಇರತೊಡಗಿದವು. ಅದು ಯಾರಿಗೂ ಹೊಳೆಯಲಿಲ್ಲ. ಅಕ್ಕನ ಮಾತ್ರೆಯ ಬಣ್ಣ ಆಗಾಗ ಬದಲಾಗುತ್ತಿತ್ತು. ಒಂದು ಕಂಪನಿಯದು ಸಿಗದಿದ್ದರೆ ಇನ್ನೊಂದರದ್ದು ಬರುತ್ತಿತ್ತು. ಅಕ್ಕ ಮೊದಮೊದಲು ಗಾಬರಿಯಾಗುತ್ತಿದ್ದಳು. ಅವನೇ ಗದರಿ ಹೇಳಿಕೊಟ್ಟಿದ್ದ: “ಬಣ್ಣ ನೋಡ್ಬೇಡ ಅಕ್ಕ. ನನ್ನ ಬರವಣಿಗೆ ನೋಡು. ನಾನು ಬರೆದಿದ್ದೀನಿ ಅಂದ್ರೆ ಅದೇ ಸರಿ.”

ಅವಳು ಹಾಗೇ ನಡೆದುಕೊಂಡಳು.

ಒಂದು ಸಲ ತಿಂಗಳ ಕೊನೆಯಲ್ಲಿ ಇನ್ನೊಬ್ಬ ಕೌಂಟರಿನವನು ಕೆಲಸ ಬಿಟ್ಟು ಹೋಗಿದ್ದ. ಜ್ವರದ ಕಾಲ. ಸಿಡುಕಪ್ಪ ಒಬ್ಬನೇ ಇಬ್ಬರ ಕೆಲಸ ಎಳೆಯುತ್ತಿದ್ದ. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಹಿಮ್ಮಡಿಯಲ್ಲಿ ಮೊಳೆ ಹೊಡೆದ ಹಾಗಿತ್ತು. ಕೌಂಟರಿನ ಆಚೆ ಹತ್ತು ಕೈ, ಹತ್ತು ಚೀಟಿ. ಅವುಗಳ ಹಿಂದೆ ಅಕ್ಕನ ಮುಖ.

“ಲೋ, ನನ್ನ ತೆಳು ಮಾತ್ರೆ ಮುಗೀತು ಕಣೋ.”

“ಮೊನ್ನೆ ತಾನೇ ಕೊಟ್ಟೆನಲ್ಲ!”

“ಮೊನ್ನೆ ಎಲ್ಲೋ, ಹೋದ ತಿಂಗಳು...”

“ಅಕ್ಕ, ಮನೇಲಿ ಇನ್ನೊಂದು ಸ್ಟ್ರಿಪ್ಪು ಇದ್ದೇ ಇರತ್ತೆ. ಹೋಗಿ ಡಬ್ಬಿ ಹುಡುಕು! ಎಲ್ಲಾನೂ ನಾನೇ ಬಂದು ನೋಡ್ಬೇಕಾ? ಕಾಣ್ತಾ ಇಲ್ವಾ ಇಲ್ಲಿ ಜನ?”

ಸಾಲಿನಲ್ಲಿದ್ದ ಯಾರೋ ನಕ್ಕರು. ಅಕ್ಕ ನಗಲಿಲ್ಲ, ಬೇಜಾರೂ ತೋರಿಸಲಿಲ್ಲ. “ಆಯ್ತು ಬಿಡು, ನೋಡ್ತೀನಿ,” ಅಂದು ಚೀಲ ಮಡಚಿಕೊಂಡು ಹೋದಳು. ಅವನು ಮುಂದಿನ ಚೀಟಿ ತೆಗೆದುಕೊಂಡ. ಅರ್ಧ ಗಂಟೆಯಲ್ಲಿ ಆ ಮಾತು ಅವನ ತಲೆಯಿಂದ ಪೂರ್ತಿ ಅಳಿಸಿಹೋಯಿತು.

ಅದಾದ ಮೂರನೇ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದ. ಎರಡನೇ ಮಹಡಿ. ಬಾಗಿಲು ತೆಗೆದದ್ದು ಬಾವ. ಅಕ್ಕ ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿಂಬು ಒರಗಿಕೊಂಡು ಕೂತಿದ್ದಳು. ಅರ್ಧ ಇಸ್ತ್ರಿ ಮಾಡಿದ ಅಂಗಿಯೊಂದು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಶುರು ಮಾಡಿದ ಬಟ್ಟೆಯನ್ನು ಅಕ್ಕ ಅರ್ಧಕ್ಕೆ ಬಿಟ್ಟಿದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

“ಏನಕ್ಕ, ಹುಷಾರಿಲ್ವಾ?”

“ಏನಿಲ್ಲ ಕಣೋ. ಸುಸ್ತು. ನಾಕು ದಿನದಿಂದ ಉಸಿರೇ ಸಾಲಲ್ಲ.” ನಾಲ್ಕು ಮಾತಿಗೆ ಎರಡು ಸಲ ನಿಂತಳು.

“ವಯಸ್ಸಾಯ್ತು ಅಂದ್ರೆ ಕೇಳಲ್ಲ ಇವಳು,” ಅಂದ ಬಾವ. “ನಿನ್ನೆ ಮೆಟ್ಟಿಲು ಹತ್ತೋವಾಗ ಮೂರು ಸ್ಟಾಪು ಕೊಟ್ಳು.”

ಸಿಡುಕಪ್ಪನೂ ಹಾಗೇ ಅಂದುಕೊಂಡ. ಅವನಿಗೇ ಸುಸ್ತು, ಇನ್ನು ಅರವತ್ತರ ಅಕ್ಕನಿಗೆ ಇಲ್ಲದೆ ಇರುತ್ತದೆಯೇ? ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಕಾಲು ನೀಡಿ ಕಣ್ಣು ಮುಚ್ಚಿದ. ಬಾವ ಅಡಿಗೆಮನೆಗೆ ಹೋದ. ನಲ್ಲಿ ತೊಟ್ಟಿಕ್ಕುವುದು ಕೇಳಿತು. ಕೆಳಗೆ ಸೈಕಲ್ಲಿನ ಬೆಲ್ಲು ಕೇಳಿತು. ಮನೆ ಎಂದಿನ ಹಾಗಿಲ್ಲ ಅನ್ನಿಸಿತು. ಏನೋ ಕಮ್ಮಿ. ಏನು ಅಂತ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಕಣ್ಣು ತಾನಾಗಿಯೇ ತೆರೆದುಕೊಂಡಿತು.

ಟಿಕ್ ಟಿಕ್ ಇರಲಿಲ್ಲ.

ಎದ್ದು ಹೋಗಿ ಅಕ್ಕನ ಎದೆಯ ಹತ್ತಿರ ಕಿವಿ ಹಿಡಿದ. ಇತ್ತು, ಆದರೆ ಅದಲ್ಲ. ದಪ್ಪ ಬಟ್ಟೆ ಸುತ್ತಿ ಬಡಿದ ಹಾಗೆ ಮಬ್ಬು ಸದ್ದು.

“ಮಾತ್ರೆ ತಗೋತಿದ್ದೀಯಾ ಅಕ್ಕ?”

“ಹೂಂ ಕಣೋ. ಒಂದು ದಿನಾನೂ ಬಿಟ್ಟಿಲ್ಲ.”

“ಎಲ್ಲಿ, ತೋರಿಸು.”

“ಡಬ್ಬೀಲಿದೆ ನೋಡು. ನೀನು ಹೇಳಿದ ಹಾಗೇ ಹುಡುಕಿದೆ. ಇತ್ತು.”

ಬಿಸ್ಕತ್ತಿನ ಡಬ್ಬಿ ತೆರೆದ. ಮೇಲೆಯೇ ಇದ್ದವು ಎರಡು ಸ್ಟ್ರಿಪ್ಪು: ಒಂದು ಪೂರ್ತಿ ಖಾಲಿ, ಇನ್ನೊಂದು ಅರ್ಧ. ಬೆನ್ನ ಮೇಲೆ ದಪ್ಪ ಕಪ್ಪಕ್ಷರ, ‘ತೆಳು’, ಕೆಳಗೆ ಒಂದು ಚುಕ್ಕಿ. ತನ್ನದೇ ಕೈ. ‘ಳ’ದ ಬಾಲ ಎಡಕ್ಕೆ ಎಳೆಯುವುದು ಅವನ ಅಭ್ಯಾಸ, ಅದೂ ಇತ್ತು. ತಿರುಗಿಸಿ ಇರುವೆ ಸಾಲು ಓದಿದ. ಆಸ್ಪಿರಿನ್. ಬಾವನದು. ಬೆರಳಿಟ್ಟು ಖಾಲಿ ಗೂಡು ಎಣಿಸಿದ. ಹದಿನೆಂಟು.

“ಇದು ಬಾವಂದು ಅಕ್ಕ.”

“ಇಬ್ಬರದ್ದೂ ಒಂದೇ ಅಲ್ವೇನೋ? ನೀನೇ ಬರೆದಿದ್ದೀಯಲ್ಲ.”

ಅವನ ಬಾಯಿಗೆ ಬಂದದ್ದೆಲ್ಲ ಬೈಗುಳ. ಯಾರನ್ನು ಬೈಯುವುದು? ಅಡಿಗೆಮನೆಯಿಂದ ಲೋಟ ಹಿಡಿದು ಬಂದ ಬಾವ ಸಿಕ್ಕಿದ. “ನಿಮ್ಮ ಎರಡು ಸ್ಟ್ರಿಪ್ಪು ಇವಳ ಕೈ ಸೇರಿದ್ರೆ ನಿಮ್ಮ ಕಣ್ಣು ಎಲ್ಲಿತ್ತು ಬಾವ? ಬಸ್ಸಲ್ಲಿ ಟಿಕೆಟ್ ತಗೊಳ್ಳದವನನ್ನ ಹಿಂಬಾಗಿಲಿಂದ ಕಂಡುಹಿಡೀತಿದ್ರಿ!” ಬಾವನಿಗೆ ಅರ್ಧ ಕೇಳಿತು, ಪೂರ್ತಿ ಅರ್ಥವಾಗಲಿಲ್ಲ. ಆದರೆ ಅವನ ಮುಖ ನೋಡಿ ಲೋಟ ಕೆಳಗಿಟ್ಟ.

ಕುರ್ಚಿ ಸಮೇತ ಅಕ್ಕನನ್ನು ಎತ್ತಿದರು. ಮುಂದೆ ಬಾವ, ಹಿಂದೆ ಅವನು. ಎರಡು ಮಹಡಿ, ಮೂವತ್ತಾರು ಮೆಟ್ಟಿಲು. ಪ್ರತಿ ತಿರುವಿನಲ್ಲೂ ಇಳಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ಅಕ್ಕ, “ನಿಧಾನ ಕಣ್ರೋ, ಕುರ್ಚಿ ಕಾಲು ಮುರಿದೀತು,” ಅಂದಳು. ಅವಳಿಗೆ ಕುರ್ಚಿಯ ಚಿಂತೆ! ಅವನಿಗೆ ಕಣ್ಣಲ್ಲಿ ನೀರು ಬಂತೋ ಬೆವರು ಇಳಿಯಿತೋ, ಒರೆಸಲು ಕೈ ಖಾಲಿ ಇರಲಿಲ್ಲ.

ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಇದ್ದದ್ದು ಒಬ್ಬಳು ಡಾಕ್ಟರಮ್ಮ, ಕಿವಿ ಮೇಲೆ ಪೆನ್ನು, ಕಣ್ಣ ಕೆಳಗೆ ಕಪ್ಪು. ಅವಳೂ ಬೆಳಿಗ್ಗೆಯಿಂದ ಕೂತಿರಲಿಲ್ಲ ಅನ್ನುವುದು ನಿಲ್ಲುವ ರೀತಿಯಲ್ಲೇ ಅವನಿಗೆ ಗೊತ್ತಾಯಿತು. ಅಕ್ಕನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು, ಮತ್ತೆ ಕೇಳಿದಳು, ಹುಬ್ಬು ಗಂಟಿಕ್ಕಿದಳು.

“ಯಾವ ಮಾತ್ರೆ ತಗೋತಿದ್ದಾರೆ?”

“ರಕ್ತ ತೆಳು ಮಾಡೋದು,” ಅಂದ ಬಾವ ಥಟ್ಟನೆ.

“ಯಾವುದು ಅಂತ ಕೇಳಿದ್ದು. ಹಾಗನ್ನೋ ಮಾತ್ರೆ ಹತ್ತಿವೆ. ಹೆಸರು ಹೇಳಿ.”

ಬಾವ ಬಾಮೈದನ ಮುಖ ನೋಡಿದ. ಸಿಡುಕಪ್ಪ ಜೇಬಿನಿಂದ ಸ್ಟ್ರಿಪ್ಪು ತೆಗೆದು ಕೊಟ್ಟ. ಡಾಕ್ಟರಮ್ಮ ಇಂಗ್ಲಿಷ್ ಓದಿದಳು, ತಿರುಗಿಸಿದಳು, ಕನ್ನಡ ಓದಿದಳು.

“ಲೋಹದ ವಾಲ್ವ್ ಇರೋರಿಗೆ ಇದೊಂದೇನಾ? ವಾರ್ಫರಿನ್ ಎಲ್ಲಿ?”

“ಹದಿನೆಂಟು ದಿನದಿಂದ ಇಲ್ಲ.”

“ಮರೆತುಬಿಟ್ರಾ?”

ಪೆನ್ನು ಕಾಗದದ ಮೇಲೆ ಬಂದು ನಿಂತಿತ್ತು. ಬಾವ ಅವನ ತೋಳು ಹಿಡಿದು, ಪಿಸುಮಾತು ಅಂದುಕೊಂಡು ವಾರ್ಡಿಗೆಲ್ಲ ಕೇಳುವ ಹಾಗೆ ಅಂದ: “ಹೂಂ ಅಂದುಬಿಡೋ. ವಯಸ್ಸಾದವಳು, ಮರೆತ್ಳು. ನಿನ್ನ ಕೆಲಸ ಹೋದೀತು.”

ಅಕ್ಕ ಮಂಚದ ಮೇಲಿಂದ ನೋಡುತ್ತಿದ್ದಳು. ಅವಳೂ ಹೂಂ ಅನ್ನುತ್ತಿದ್ದಳೇನೋ, ಅವನಿಗಾಗಿ. ಬಾಯಿ ತೆರೆಯಲೂ ಹೊರಟಿದ್ದಳು. ಉಸಿರು ಸಾಲಲಿಲ್ಲ.

“ಅವಳು ಒಂದು ದಿನಾನೂ ಮರೆತಿಲ್ಲ ಮೇಡಂ,” ಅಂದ ಸಿಡುಕಪ್ಪ. ಅವನ ಧ್ವನಿ ಯಾಕೋ ಜಗಳದ ಧ್ವನಿಯೇ ಆಗಿತ್ತು. “ನಾನು ಮೆಡಿಕಲ್ ಶಾಪಿನವನು. ಬರೆದಿದ್ದು ನಾನು. ಅವಳದಕ್ಕೂ ತೆಳು ಅಂತ ಬರೆದೆ, ಇವರದಕ್ಕೂ ತೆಳು ಅಂತ ಬರೆದೆ. ಅವಳ ಮಾತ್ರೆ ಮುಗಿದಾಗ ಕೇಳೋಕೆ ಬಂದ್ಳು, ಮನೇಲಿ ಹುಡುಕು ಅಂತ ಗದರಿಸಿ ಕಳಿಸಿದೆ. ಹುಡುಕಿದ್ಳು. ಸಿಕ್ತು. ತಗೊಂಡ್ಳು. ಹಾಗೇ ಬರ್ಕೊಳ್ಳಿ.”

ಡಾಕ್ಟರಮ್ಮ ಹಾಗೇ ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ರಕ್ತ ತೆಗೆದರು. ಅಕ್ಕನಿಗೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಾದ ಐ.ಎನ್.ಆರ್., ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕ, ಒಂದು ಪಾಯಿಂಟ್ ಒಂದಕ್ಕೆ ಇಳಿದಿತ್ತು. ಮಾತ್ರೆಯನ್ನೇ ಮುಟ್ಟದವರಿಗೆ ಇರುವಷ್ಟು. ಸ್ಕ್ಯಾನ್ ಮಾಡಿದರು. ಕವಾಟಕ್ಕೆ ಎರಡು ರೆಕ್ಕೆ, ಒಂದು ಆಡುತ್ತಿತ್ತು, ಇನ್ನೊಂದು ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿಕೊಂಡು ಅಲ್ಲಾಡುತ್ತಿರಲಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ಡ್ರಿಪ್ಪಿನಲ್ಲಿ ನಿಧಾನಕ್ಕೆ ಬಿಡುತ್ತೇವೆ, ಅಂದರು. ಕರಗಿದರೆ ಸರಿ. ಕರಗದಿದ್ದರೆ ಮತ್ತೆ ಎದೆ ತೆರೆಯಬೇಕು. ಕರಗುವಾಗ ಒಂದು ಚೂರು ಒಡೆದು ತಲೆಗೆ ಹೋಗಲೂಬಹುದು. ಸಹಿ ಹಾಕಿ. ಬಾವ ಹಾಕಿದ.

ವಾರ್ಡಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಸಿಡುಕಪ್ಪ ಕೂತ. ಡಾಕ್ಟರಮ್ಮ ಒಂದು ಲೋಟ ನೀರು ಹಿಡಿದು ಬಂದು, ಅವನಿಗೆ ಕೊಡದೆ ತಾನೇ ಕುಡಿದು, ಬೆಂಚಿನ ಇನ್ನೊಂದು ತುದಿಗೆ ಕೂತಳು.

“ಒಂದು ಮಾತು ಕೇಳ್ಲಾ ಮೇಡಂ? ಎರಡೂ ರಕ್ತ ತೆಳು ಮಾಡತ್ತೆ ತಾನೇ?”

“ಎರಡೂ ತೆಳು ಮಾಡಲ್ಲ,” ಅಂದಳು.

“ಅಂದ್ರೆ?”

“ರಕ್ತ ಇದ್ದ ಹಾಗೇ ಇರತ್ತೆ, ತೆಳುವಾಗೋಕೆ ನೀರು ಬೆರೆಸ್ತೀವಾ? ಗಾಯ ಆದಾಗ ರಕ್ತದಲ್ಲಿರೋ ಸಣ್ಣ ಕಣಗಳು ಬಂದು ಒಂದಕ್ಕೊಂದು ಅಂಟ್ಕೋತವೆ. ಆಮೇಲೆ ಅದರ ಸುತ್ತ ಎಳೆ ಎಳೆಯಾಗಿ ಬಲೆ ಹೆಣೆದುಕೊಳ್ಳತ್ತೆ. ಆಸ್ಪಿರಿನ್ ಕಣ ಅಂಟೋದನ್ನ ತಡೆಯತ್ತೆ. ಅದು ಆಂಟಿಪ್ಲೇಟ್‌ಲೆಟ್. ವಾರ್ಫರಿನ್ ಬಲೆ ಹೆಣೆಯೋದನ್ನ ತಡ ಮಾಡತ್ತೆ. ಅದು ಆಂಟಿಕೋಆಗ್ಯುಲಂಟ್. ಲೋಹದ ವಾಲ್ವಿಗೆ ಬಲೆಯದ್ದೇ ಭಯ. ಒಂದರ ಬದಲಿಗೆ ಇನ್ನೊಂದು ಆಗಲ್ಲ.”

“ಮತ್ತೆ ತೆಳು ಅಂತ ಯಾಕೆ ಅಂತೀರಿ ನೀವೆಲ್ಲ?”

ಅವಳು ಖಾಲಿ ಲೋಟ ನೋಡಿದಳು. “ಸುಲಭ ಅಂತ. ದಿನಕ್ಕೆ ಎಂಬತ್ತು ಜನ ಬರ್ತಾರೆ. ಅಂದುಬಿಡ್ತೀವಿ.”

ಅವನಿಗೆ ರೇಗಿತು. ರೇಗಿದ್ದು ಹಾಗೇ ಇಳಿದೂ ಹೋಯಿತು. ಇವಳೂ ತನ್ನ ಹಾಗೇ ಕೌಂಟರಿನ ಹಿಂದೆ ನಿಂತವಳು. ಜಾಗ ಕಮ್ಮಿ, ಹೊತ್ತು ಕಮ್ಮಿ, ಒಂದು ಪದದಲ್ಲಿ ಮುಗಿಸಬೇಕು. ಇಪ್ಪತ್ತೇಳು ವರ್ಷ ಅವನು ಮಾರಿದ ಮಾತ್ರೆ ಏನು ಮಾಡುತ್ತದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಹೋಗಿ, ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು, ಮಾರ್ಕರನ್ನು ಯಜಮಾನರ ಸೊಸೆಯ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದ. ತೆಗೆದುಹಾಕುವುದಾದರೆ ಇವತ್ತೇ ಹೇಳಿಬಿಡಿ, ಆಸ್ಪತ್ರೆಗೆ ಹೋಗಬೇಕು, ಅಂದ. ಅವರು ಮಾರ್ಕರನ್ನು ಅವನ ಕಡೆಗೇ ತಳ್ಳಿದರು.

“ನೀವು ಬರೆಯೋದನ್ನ ನಾನು ನಾಲ್ಕು ವರ್ಷದಿಂದ ನೋಡ್ತಿದ್ದೀನಿ ಅಣ್ಣ,” ಅಂದರು. “ನಾನಾದರೂ ಓದಿದವಳು. ಒಂದು ಸಲ ತಿರುಗಿಸಿ ನೋಡಬೇಕಿತ್ತು.” ಆಮೇಲೆ, “ಇನ್ನೂ ಎಷ್ಟು ಜನರ ಮನೇಲಿವೆ ಈ ತೆಳು?”

ಚೀಟಿಗಳ ಕಟ್ಟು ಬಿಚ್ಚಿ ಕೂತರು. ಅರವತ್ಮೂರು ಜನ. ಐದು ದಿನ ಹಿಡಿಯಿತು. ಮೂರು ಹೊತ್ತು ಆಸ್ಪತ್ರೆ, ನಡುವೆ ಅಂಗಡಿ, ನಡುವೆ ಫೋನು. ಫೋನಿಗೆ ಸಿಕ್ಕವರಿಗೆ ಫೋನಿನಲ್ಲಿ, ಸಿಗದವರ ಮನೆಗೆ ಕಾಲೆಳೆದುಕೊಂಡು. ‘ಮಾತ್ರೆ ತಗೊಂಡು ಅಂಗಡಿಗೆ ಬನ್ನಿ, ಹಳೇ ಬರವಣಿಗೆ ನಂಬಬೇಡಿ.’ ಒಬ್ಬರು ಬೈದರು. ಒಬ್ಬರು, ಇದೇನು ಹೊಸ ನಾಟಕ, ಅಂದರು. ಒಬ್ಬ ಮುದುಕ ಮಾತ್ರ ಮೂರು ಬಗೆಯ ‘ತೆಳು’ವನ್ನು ಒಂದೇ ಶೀಸೆಗೆ ಸುರಿದುಕೊಂಡು, ಕೈಗೆ ಸಿಕ್ಕಿದ್ದನ್ನು ದಿನಕ್ಕೊಂದು ನುಂಗುತ್ತಿದ್ದ. “ಎಲ್ಲಾ ಒಂದೇ ಅಂತ ನೀನೇ ತಾನೇ ಬರೆದಿದ್ದು?” ಅಂದ. ಸಿಡುಕಪ್ಪ ಅವನ ಹೊಸಿಲಿನ ಮೇಲೆ ಕೂತು, ಮಾತ್ರೆಗಳನ್ನು ಅಂಗೈಗೆ ಸುರಿದು ಒಂದೊಂದಾಗಿ ಬೇರೆ ಮಾಡಿದ. ಬೈಯಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಕಡೆಯಿಂದ ಸುದ್ದಿ ಬಂದಿತ್ತು. ಮೂರನೇ ದಿನ ಬೆಳಿಗ್ಗೆ ಅವನು ವಾರ್ಡಿನ ಪರದೆ ಸರಿಸಿದಾಗ ಅಕ್ಕ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಪಕ್ಕದ ಮಂಚದ ಹೆಂಗಸು, “ರಾತ್ರಿಯೆಲ್ಲ ನಿದ್ದೆ ಇಲ್ಲಪ್ಪ. ನಿಮ್ಮಕ್ಕ ಗಡಿಯಾರ ನುಂಗಿದ್ದಾರಾ?” ಅಂತ ಗೊಣಗಿದಳು. ಅವನು ನಿಂತಲ್ಲೇ ಗೋಡೆಗೆ ಒರಗಿದ. ಟಿಕ್, ಟಿಕ್, ಟಿಕ್. ಮೊದಲಿನಷ್ಟು ಜೋರಿಲ್ಲ. ಸಾಕು.

ಎರಡು ವಾರ ಕಳೆದು ಅಕ್ಕ ಮನೆಗೆ ಬಂದಳು. ಭಾನುವಾರ ಮಧ್ಯಾಹ್ನ ಅವನು ಹೊಸ ಸ್ಟ್ರಿಪ್ಪು ತಂದ. ಬಾವನ ಮಾತ್ರೆಗೆ ಬೇರೆ ಡಬ್ಬಿ, ಬೇರೆ ಗೂಡು. ಅಕ್ಕನದ್ದರ ಬೆನ್ನಿಗೆ ಬರೆಯಲು ಮಾರ್ಕರು ತೆಗೆದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಸ್ಟ್ರಿಪ್ಪಿನಲ್ಲಿ ಜಾಗ ಸಾಲುವುದಿಲ್ಲ. ಕೊನೆಗೆ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಸ್ಟ್ರಿಪ್ಪಿಗೆ ಸುತ್ತಿ, ಸಣ್ಣಗೆ ತುಂಬಾ ಬರೆದ: ‘ವಾರ್ಫರಿನ್. ಅಕ್ಕನ ಕವಾಟಕ್ಕೆ. ಕವಾಟದಲ್ಲಿ ಹೆಪ್ಪು ಕಟ್ಟದಿರಲು. ಇದರ ಬದಲಿಗೆ ಬೇರೆ ಯಾವುದೂ ಅಲ್ಲ. ಹತ್ತು ಉಳಿದಾಗಲೇ ಹೇಳುವುದು.’

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಲು ನೋಡಿ, ಎರಡನೇ ಸಾಲಿಗೇ ಕೈಬಿಟ್ಟಳು.

“ಇಷ್ಟೆಲ್ಲಾ ನನಗೆಲ್ಲಿ ಓದೋಕಾಗತ್ತೋ?”

“ಓದೋಕಾಗದಿದ್ರೆ ನನ್ನ ಕೇಳು.”

“ಕೇಳಿದ್ರೆ ಸಿಡುಕ್ತೀಯಲ್ಲ.”

ಅವನು ಮಾರ್ಕರಿನ ಮುಚ್ಚಳ ಹಾಕಿದ. ಹಿಮ್ಮಡಿ ನೋಯುತ್ತಿತ್ತು. ನಾಳೆ ಮತ್ತೆ ಎಂಟಕ್ಕೆ ಅಂಗಡಿ.

“ಸಿಡುಕ್ತೀನಿ,” ಅಂದ. “ಆದ್ರೂ ಕೇಳು. ಕೊಡೋ ತನಕ ಅಲ್ಲೇ ನಿಂತಿರು. ಹೋಗಬೇಡ.”

“ಆಯ್ತು ಬಿಡು,” ಅಂದಳು ಅಕ್ಕ. ಅರ್ಧಕ್ಕೆ ಬಿಟ್ಟಿದ್ದ ಅಂಗಿಯನ್ನು ಮೇಜಿನ ಮೇಲೆ ಹರವಿ, ಇಸ್ತ್ರಿಪೆಟ್ಟಿಗೆ ಕಾಯಲಿಟ್ಟಳು. ಅವನು ಗೋಡೆಗೆ ಒರಗಿ ಕಾಲು ನೀಡಿದ. ಬಾವ ಒಳಗಿನಿಂದ, “ಏನಂತೆ?” ಅಂತ ಕೂಗಿದ. ಅಕ್ಕನ ಎದೆ ಟಿಕ್ ಟಿಕ್ ಅನ್ನುತ್ತಿತ್ತು, ಅವನು ಕೂತಲ್ಲೇ ನಿದ್ದೆಹೋದ.